ಮೂರು ಖಾನೆಯ ಚಂಚಿ

ಅಥಣಿ ಕಡೆಯ ಅನಂತಪುರದ ಲೈನ್‌ಮನ್ ಭರಮುನ ಸೊಂಟದಲ್ಲಿ ಸದಾ ಒಂದು ಚಂಚಿ ಜೋತಾಡುತ್ತಿತ್ತು. ಎಲೆ ಅಡಿಕೆಯ ಚಂಚಿ ಅಂದುಕೊಳ್ಳಬೇಡಿ. ಮಗಳ ಹಳೆಯ ಜೀನ್ಸ್ ಪ್ಯಾಂಟು ಕತ್ತರಿಸಿ ಅವನ ಹೆಂಡತಿ ಅಕ್ಕುತಾಯಿ ಕೈಯಾರೆ ಹೊಲಿದ, ಮೂರು ಖಾನೆಯ ಚಂಚಿ ಅದು. ಒಂದೊಂದು ಖಾನೆಗೆ ಒಂದೊಂದು ಫ್ಯೂಜು. ಖಾನೆಗಳನ್ನು ಬೇಕೆಂದೇ ಗಿಡ್ಡ ಹೊಲಿದಿದ್ದಳು. ಒಳಗೆ ಫ್ಯೂಜು ಇದ್ದರೆ ಅದರ ಬಿಳಿ ಪಿಂಗಾಣಿ ತಲೆ ಹೊರಗೆ ಇಣುಕಬೇಕು, ದೂರದಿಂದಲೂ ಎಣಿಸುವಂತಿರಬೇಕು.

ಕಂಬ ಹತ್ತುವ ಮೊದಲು ಲೈನ್‌ಮನ್ ಆದವನು ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಿಂದ ಮೂರೂ ಫ್ಯೂಜು ಕಿತ್ತುಕೊಳ್ಳಬೇಕು. ಆ ಕಡೆಯವರು ಟ್ರಾನ್ಸ್‌ಫಾರ್ಮರಿಗೆ ಟಿಸಿ ಅನ್ನುತ್ತಾರೆ. ಕಿತ್ತು ಅಲ್ಲೇ ಇಟ್ಟರೆ ಆಗಲಿಲ್ಲ. ನೀರಿನ ಅವಸರಕ್ಕೆ ಯಾವನೋ ಪುಣ್ಯಾತ್ಮ ಬಂದು ತಿರುಗಿ ಸಿಕ್ಕಿಸಿದನೋ, ಮೇಲಿದ್ದವನ ಕಥೆ ಮುಗಿಯಿತು. ಅದಕ್ಕೇ ಫ್ಯೂಜು ತನ್ನ ಮೈಮೇಲೆಯೇ ಇರಬೇಕು. ಇದನ್ನು ಭರಮುಗೆ ಕಲಿಸಿದವನು ಹಿರಿಯ ಲೈನ್‌ಮನ್ ಜಕ್ಕಪ್ಪ. ಅವನು ಕಲಿಸಿದ ಇನ್ನೊಂದು ಮಾತೂ ಉಂಟು. ಕಂಬದ ಮೇಲಿದ್ದವನನ್ನು ಕೆಳಗಿನಿಂದ ಕೂಗಬಾರದು. ಬೆಚ್ಚಿದ ಮನುಷ್ಯ ಕೈಗೆ ಸಿಕ್ಕದ್ದನ್ನು ಹಿಡಿಯುತ್ತಾನೆ, ಅಲ್ಲಿ ಕೈಗೆ ಸಿಗುವುದು ತಂತಿ. ಈ ಎರಡು ಮಾತುಗಳನ್ನು ಭರಮು ಹೆಂಡತಿಯ ಮುಂದೆ ಎಷ್ಟು ಸಲ ಹೇಳಿದ್ದನೆಂದರೆ ಕಂಬ ಹತ್ತುವ ಕೆಲಸ ತನ್ನದೇ ಎಂಬಂತೆ ಅವಳಿಗೂ ಬಾಯಿಪಾಠವಾಗಿತ್ತು.

ಚಂಚಿ ಹುಟ್ಟಿದ್ದಕ್ಕೂ ಒಂದು ಕಾರಣವಿದೆ. ಮದುವೆಯಾದ ಎರಡನೆಯ ವರ್ಷ ಭರಮು ಫ್ಯೂಜುಗಳನ್ನು ಪ್ಯಾಂಟಿನ ಕಿಸೆಯಲ್ಲಿ ಇಟ್ಟುಕೊಂಡು, ಕೆಲಸ ಮುಗಿಸಿ, ತಿರುಗಿ ಹಾಕುವುದನ್ನೇ ಮರೆತು ಮನೆಗೆ ಬಂದುಬಿಟ್ಟ. ಉಂಡ, ಹೆಂಡತಿಗೆ ನಾಲ್ಕು ಹರಟೆ ಹೊಡೆದ. ಅತ್ತ ಅರ್ಧ ಊರು ಕರೆಂಟಿಲ್ಲದೆ ಎರಡು ತಾಸು ಸರಕಾರವನ್ನು ಬೈಯುತ್ತ ಕೂತಿತ್ತು. ಪ್ಯಾಂಟು ಒಗೆಯಲು ಕಲ್ಲಿಗೆ ಹಾಕಿದಾಗ ಅಕ್ಕುತಾಯಿಗೆ ಸಿಕ್ಕದ್ದು ಮೂರು ಫ್ಯೂಜು, ಅಂದರೆ ಅರ್ಧ ಊರಿನ ಬೆಳಕು. ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಹೋಗಿದ್ದ ಗಂಡನ ಹಿಂದೆ ಓಡಿದಳು, ದಾರಿಯುದ್ದಕ್ಕೂ ನಗು ತಡೆಯಲಾಗಲಿಲ್ಲ. ಮರುದಿನವೇ ಮೊದಲ ಚಂಚಿ ಹೊಲಿದಳು. ಈಗಿನದು ಐದನೆಯದು.

ಅಂದಿನಿಂದ ದಿನಾ ಸಂಜೆ ಬುದ್ಧನ ಫೋಟೋದ ಪಕ್ಕದ ಮೊಳೆಗೆ ಗಂಡ ಚಂಚಿ ತೂಗುಹಾಕಿದ ಕೂಡಲೇ ಅವಳು ಅದನ್ನೊಮ್ಮೆ ಮುಟ್ಟಿ ನೋಡುತ್ತಿದ್ದಳು. ಚಂಚಿ ಬರಿದಿದ್ದರೆ ಊರು ತುಂಬಿದೆ ಎಂದು ಅವಳ ಲೆಕ್ಕ.

ಆ ದಿನಗಳಲ್ಲಿ ಭರಮು ಮನೆಗೆ ಬಂದರೆ ಹೊಸ್ತಿಲ ಮೇಲೆ ಕೂತು ಬೂಟು ಬಿಚ್ಚುತ್ತ ಕಂಬದ ಸುದ್ದಿ ಹೇಳುತ್ತಿದ್ದ. ಹೆಚ್ಚಿನದೆಲ್ಲ ಕಾಗೆಗಳ ಸುದ್ದಿ. ದ್ರಾಕ್ಷಿ ತೋಟದ ಚಪ್ಪರ ಕಟ್ಟುವವರು ಬಿಸಾಕಿದ ತಂತಿ ತುಂಡು ಆಯ್ದು ತಂದು ಅವು ಕಂಬದ ತುದಿಯಲ್ಲಿ ಗೂಡು ಕಟ್ಟುತ್ತವೆ. ಕಿತ್ತೆಸೆಯಬೇಕು ಅನ್ನುವುದು ನಿಯಮ. ಒಳಗೆ ತತ್ತಿ ಇದ್ದರೆ ಭರಮು ಕೀಳುತ್ತಿರಲಿಲ್ಲ, ಬೆಂಕಿ ಹತ್ತದ ಹಾಗೆ ಗೂಡನ್ನು ಸ್ವಲ್ಪ ಸರಿಸಿ ಬರುತ್ತಿದ್ದ. ಮರಿ ಹಾರಿದ ಮೇಲೆ ಹೋಗಿ ತೆಗೆಯುತ್ತಿದ್ದ. ಯಾವ ಕಂಬದ ಮೇಲೆ ಎಷ್ಟು ತತ್ತಿ, ಯಾವ ಕಾಗೆ ತಲೆಗೆ ಕುಕ್ಕಿತು, ಅಕ್ಕುತಾಯಿಗೆ ಎಲ್ಲ ಗೊತ್ತಿರುತ್ತಿತ್ತು. ಊರ ಹೆಂಗಸರಿಗೆ ಧಾರಾವಾಹಿ, ಇವಳಿಗೆ ಕಾಗೆ ಸಂಸಾರ.

ಎರಡು ವರ್ಷದ ಹಿಂದೆ ಈ ಸುದ್ದಿಗಳು ನಿಂತವು. ಜಕ್ಕಪ್ಪ ನಿವೃತ್ತನಾದ. ಜೊತೆಗಿದ್ದ ಇನ್ನೊಬ್ಬ ಲೈನ್‌ಮನ್ನನನ್ನು ಕಾಗವಾಡದ ಕಡೆಗೆ ವರ್ಗ ಮಾಡಿದರು. ಎರಡೂ ಜಾಗ ಖಾಲಿಯೇ ಉಳಿದವು. ನಾಲ್ಕು ಊರು, ನೂರಾರು ಪಂಪುಸೆಟ್ಟು, ಒಬ್ಬ ಭರಮು. ಸಾಲದ್ದಕ್ಕೆ ಅವನ ನಂಬರು ನಾಲ್ಕೂ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಸೇರಿಹೋಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದ ಫೋನು ಮಲಗಿದ ಮೇಲೂ ಬಡಿದುಕೊಳ್ಳುತ್ತಿತ್ತು. ಊರಿನ ಜನವೂ ಕೆಟ್ಟವರೇನಲ್ಲ. ಆದರೆ ನೂರು ಜನ ಒಳ್ಳೆಯವರು ಒಂದೊಂದು ಸಲ ಕರೆದರೂ ಒಬ್ಬನ ಪ್ರಾಣಕ್ಕೆ ಅದು ನೂರು ಸಲ ಆಗುತ್ತದೆ ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ. ಭರಮು ಒಂದು ಫೋನನ್ನೂ ಬಿಡುತ್ತಿರಲಿಲ್ಲ. ತುತ್ತು ಬಾಯಲ್ಲಿದ್ದರೂ "ಹೇಳ್ರಿ", ಕಂಬದ ಮೇಲಿದ್ದರೂ "ಹೇಳ್ರಿ".

ಬಿಡುತ್ತಿದ್ದುದು ಒಂದನ್ನೇ, ಹೆಂಡತಿಯ ಫೋನು. ಅವಳ ಹೆಸರು ಕಂಡರೆ ಆಮೇಲೆ ಮಾತಾಡಿದರಾಯಿತೆಂದು ಕತ್ತರಿಸುತ್ತಿದ್ದ. ಮನೆಯವಳು ತಾನೇ, ಎಲ್ಲಿ ಹೋಗುತ್ತಾಳೆ ಎಂಬ ಧೈರ್ಯ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರಲ್ಲ, ಆ ಮನೆಯಲ್ಲಿ ಅದು ಅಕ್ಷರಶಃ ನಿಜವಾಯಿತು. ಪಾಲಬಾವಿಗೆ ಕೊಟ್ಟ ಮಗಳು ಕಾಂಚನ ಬಸುರಿಯಾಗಿ ತವರಿಗೆ ಬಂದಿದ್ದಳು. ಮಾರ್ಚ್ ತಿಂಗಳಲ್ಲಿ ಒಂದು ದಿನ ಅವಳಿಗೆ ಹೊಟ್ಟೆನೋವು ಎದ್ದು ಕಣ್ಣು ಕತ್ತಲೆ ಬಂದಾಗ ಅಕ್ಕುತಾಯಿ ಗಂಡನಿಗೆ ಏಳು ಸಲ ಫೋನು ಮಾಡಿದಳು. ಏಳೂ ಸಲ ಅವನು ಕತ್ತರಿಸಿದ. ಕೊನೆಗೆ ತಾನೇ ರಿಕ್ಷಾ ಹಿಡಿದು ಅಥಣಿಯ ದವಾಖಾನೆಗೆ ಓಡಿದಳು. ದೇವರು ದೊಡ್ಡವನು, ಕೂಸಿಗೆ ಏನೂ ಆಗಲಿಲ್ಲ. ಸಂಜೆ ವಿಷಯ ತಿಳಿದ ಭರಮು ಮಗಳ ಕಾಲ ಬಳಿ ಕೂತ, ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಫೋನು ಬಂತು, ಎದ್ದು ಹೋದ. ಅಕ್ಕುತಾಯಿಗೆ ಅಂದು ಸಿಟ್ಟು ಬರಲಿಲ್ಲ. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಗಂಡ ಕಣ್ಣೆದುರೇ ಸವೆದುಹೋಗುತ್ತಿದ್ದಾನೆ ಎಂಬ ಹೆದರಿಕೆ ಮಾತ್ರ ಬಂತು.

ಸವೆಯುತ್ತಿದ್ದದ್ದು ಸುಳ್ಳಲ್ಲ. ಎದೆಯುರಿ ಎಂದು ನಿಂತಲ್ಲೇ ಪುಡಿ ನುಂಗುತ್ತಿದ್ದ. ನಿದ್ದೆಯಲ್ಲಿ ಬಲಗೈ ಮೇಲೆತ್ತಿ ಏನನ್ನೋ ತಿರುವುತ್ತಿದ್ದ, ಅವಳು ಆ ಕೈಯನ್ನು ಮೆಲ್ಲಗೆ ಇಳಿಸಿ ತನ್ನ ಕೈಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಎಳೆದುಕೊಂಡು ಹೋಗಿ ತೋರಿಸಿದಾಗ ಡಾಕ್ಟರು ಬಿಪಿ ನೂರಾ ಎಂಬತ್ತು ದಾಟಿದೆ, ಸಕ್ಕರೆಯೂ ಏರಿದೆ ಎಂದರು. ಕೆಲಸದ ಒತ್ತಡ ಹೀಗೇ ಮುಂದುವರಿದರೆ ಗುಳಿಗೆಯೂ ಕೈಹಿಡಿಯುವುದಿಲ್ಲ, ಹದಿನೈದು ದಿನ ರಜೆ ಹಾಕು ಎಂದು ಬರೆದುಕೊಟ್ಟರು. ಆ ಚೀಟಿ ಮೋಟಾರ್‌ಸೈಕಲ್ಲಿನ ಡಿಕ್ಕಿಯಲ್ಲಿ ಪಾನಾ, ಪಕ್ಕಡದಂಥ ಹತ್ಯಾರಗಳ ಕೆಳಗೆ ಹೂತುಹೋಯಿತು. ಕೇಳಿದರೆ, ನಾನು ರಜೆ ಹಾಕಿದರೆ ಬರುವವರು ಯಾರು ಅನ್ನುತ್ತಿದ್ದ. ಅದರಲ್ಲಿ ಸಂಕಟವೂ ಇತ್ತು, ತುಸು ಹೆಮ್ಮೆಯೂ ಇತ್ತು. ತಾನು ಕೂಗದಿದ್ದರೆ ಬೆಳಗಾಗುವುದಿಲ್ಲ ಎಂದುಕೊಂಡ ಮುದುಕಿಯ ಕೋಳಿ ನಮ್ಮೆಲ್ಲರ ಮನೆಯಲ್ಲೂ ಒಂದೊಂದು ಇರುತ್ತದೆ.

ಏಪ್ರಿಲ್ ಎರಡನೆಯ ವಾರದಲ್ಲಿ ಗಾಳಿ ಬೀಸಿ ನಾಲ್ಕು ಹನಿ ಮಳೆ ಬಿತ್ತು. ಮಳೆ ನಾಲ್ಕೇ ಹನಿ, ಹರಿದ ತಂತಿ ಹದಿನಾಲ್ಕು ಕಡೆ. ಮರುದಿನ ಬೆಳಿಗ್ಗೆಯಿಂದ ಧರೆಪ್ಪ ಸಾವಕಾರರು ಹನ್ನೊಂದು ಸಲ ಫೋನು ಮಾಡಿದ್ದರು. ಅವರದು ಐದು ಎಕರೆ ದ್ರಾಕ್ಷಿ, ತೋಟದ ಲೈನು ಕೆಟ್ಟಿತ್ತು. ಬಳ್ಳಿಯ ಛಾಟಣಿ ಆಗಿದೆ, ಕತ್ತರಿಸಿದ ಬಳ್ಳಿಗಳಿಗೆ ಇವತ್ತು ನೀರು ಬೀಳದಿದ್ದರೆ ಮಧ್ಯಾಹ್ನದೊಳಗೆ ಸಾಯುತ್ತವೆ ಎಂದು ಅವರ ಗೋಳು. ಭರಮು ರೊಟ್ಟಿ ಮುಟ್ಟಲಿಲ್ಲ, ಗುಳಿಗೆ ನುಂಗಲಿಲ್ಲ, ಚಂಚಿ ಕಟ್ಟಿಕೊಂಡು ಹೊರಟುಹೋದ.

ಹತ್ತೂವರೆಗೆ ಕಾಂಚನ ರೊಟ್ಟಿ ಡಬ್ಬಿ ಕಟ್ಟಿ, ಮುಚ್ಚಳದಲ್ಲಿ ಗುಳಿಗೆ ಇಟ್ಟು ತಾಯಿಯ ಕೈಗೆ ಕೊಟ್ಟಳು. ಫೋನು ಮಾಡಿ ಕರೆಯಲೇ ಎಂದು ತಾಯಿ ಕೇಳಿದ್ದಕ್ಕೆ ಮಗಳು ನಕ್ಕು, "ನಿನ್ನ ಫೋನ ಅಪ್ಪ ಯಾವಾಗ ಎತ್ಯಾನ? ನಡಕೊಂತ ಹೋಗಿ ಕೊಟ್ಟ ಬಾ," ಎಂದಳು. ಸಾವಕಾರರ ತೋಟ ಅರ್ಧ ಮೈಲು. ಅಕ್ಕುತಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟಳು.

ತೋಟದ ಬದುವಿನಲ್ಲಿ ಧರೆಪ್ಪನವರು ಫೋನು ಕೈಯಲ್ಲಿ ಹಿಡಿದು ನಿಂತಿದ್ದರು. ಭರಮು ಕಂಬದ ಮೇಲಿದ್ದ, ಅರ್ಧಕ್ಕಿಂತ ಮೇಲೆ, ಇನ್ನೂ ಹತ್ತುತ್ತಿದ್ದ. ಟಿಸಿ ಅಲ್ಲಿಂದ ಇನ್ನೂರು ಹೆಜ್ಜೆ ಆಚೆ. ಬಿಸಿಲು ಸುಡುತ್ತಿತ್ತು. ಡಬ್ಬಿಯನ್ನು ನೆರಳಲ್ಲಿಡೋಣವೆಂದು ಅಕ್ಕುತಾಯಿ ಪಂಪಿನ ಕೋಣೆಯೊಳಗೆ ಕಾಲಿಟ್ಟಳು. ಒಳಗೆ ಬಲ್ಬು ಉರಿಯುತ್ತಿತ್ತು.

ಒಂದು ಗಳಿಗೆ ಅವಳಿಗೆ ಏನೂ ಅರ್ಥವಾಗಲಿಲ್ಲ. ಲೈನ್‌ಮನ್ ಕಂಬದ ಮೇಲಿದ್ದಾಗ ಆ ಲೈನಿನ ಬಲ್ಬು ಉರಿಯಬಾರದು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಕಲಿತ ಪಾಠ ಅದು. ಹೊರಗೆ ಬಂದು ಮೇಲೆ ನೋಡಿದಳು. ಗಂಡನ ಸೊಂಟದಲ್ಲಿ ಚಂಚಿ ತೂಗುತ್ತಿತ್ತು. ಬಿಳಿ ತಲೆ ಒಂದು. ಬಿಳಿ ತಲೆ ಎರಡು. ಮೂರನೆಯ ಖಾನೆ ಚಪ್ಪಟೆಯಾಗಿ ಗಾಳಿಗೆ ಬಡಿಯುತ್ತಿತ್ತು.

ಮೂರನೆಯ ಫ್ಯೂಜು ಟಿಸಿಯಲ್ಲೇ ಇತ್ತು. ಮೇಲಿನ ತಂತಿಗಳಲ್ಲಿ ಒಂದು ಜೀವಂತವಾಗಿತ್ತು, ಯಾವುದೋ ಅವಳಿಗೆ ಗೊತ್ತಿಲ್ಲ. ತಂತಿಯನ್ನು ಮುಟ್ಟುವ ಮೊದಲು ಕರೆಂಟು ಇದೆಯೋ ಇಲ್ಲವೋ ನೋಡುವ ಕೋಲು ಮುರಿದು ಆರು ತಿಂಗಳಾಗಿತ್ತು, ಹೊಸದು ಬಂದಿರಲಿಲ್ಲ. ಭರಮು ತುದಿ ಮುಟ್ಟಿದ. ಸೊಂಟದ ಪಟ್ಟಿಯನ್ನು ಕಂಬಕ್ಕೆ ಬಿಗಿದುಕೊಂಡ. ಬಾಯಿತನಕ ಬಂದ ಕೂಗನ್ನು ಅಕ್ಕುತಾಯಿ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಕೂಗಿದರೆ ಬೆಚ್ಚುತ್ತಾನೆ, ಬೆಚ್ಚಿದರೆ ಹಿಡಿಯುತ್ತಾನೆ. ಟಿಸಿಗೆ ಓಡಿದರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಕೈ ತನ್ನ ಬ್ಲೌಜಿನೊಳಗಿನ ಫೋನಿಗೆ ಹೋಯಿತು, ಅಲ್ಲೇ ನಿಂತಿತು. ತನ್ನ ಹೆಸರು ಕಂಡರೆ ಕತ್ತರಿಸುತ್ತಾನೆ. ಕತ್ತರಿಸಿ, ಆ ಕೈಯನ್ನೇ ತಂತಿಗೆ ಚಾಚುತ್ತಾನೆ.

ಅವಳು ಧರೆಪ್ಪನವರ ಕೈಯಿಂದ ಫೋನು ಕಿತ್ತುಕೊಂಡಳು. ಸಾವಕಾರರು ದಂಗಾಗಿ ನೋಡಿದರು, ಅವರ ಕೈಯಿಂದ ಯಾರೂ ಯಾವತ್ತೂ ಏನನ್ನೂ ಕಿತ್ತುಕೊಂಡಿರಲಿಲ್ಲ. ತೆರೆಯ ಮೇಲೆ ಮೊದಲ ಹೆಸರೇ ಲೈನ್‌ಮನ್ ಭರಮು. ಒತ್ತಿದಳು.

ಮೇಲೆ ಫೋನು ಬಡಿದುಕೊಂಡಿತು. ತಂತಿಯ ಕಡೆ ಎದ್ದಿದ್ದ ಬಲಗೈ ನಡುವೆಯೇ ನಿಂತು, ತಿರುಗಿ, ಅಂಗಿಯ ಕಿಸೆಗೆ ಇಳಿಯಿತು.

"ಹೇಳ್ರಿ ಸಾವಕಾರ್ರ, ಐದ ಮಿನಿಟ್."

"ಸಾವಕಾರ್ರಲ್ಲ, ನಾನು. ಕೆಳಗ ನಿಂತೇನಿ. ಕೈ ಮುಂದ ಮಾಡಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ. ಚಂಚ್ಯಾಗ ಎರಡ ಅದಾವು."

ತನ್ನ ದನಿ ಅಷ್ಟು ಶಾಂತವಾಗಿ ಹೇಗೆ ಬಂತೋ ಅವಳಿಗೆ ಇವತ್ತಿಗೂ ತಿಳಿಯದು. ಭರಮು ಕೆಳಗೆ ನೋಡಲಿಲ್ಲ. ಎಡತೋಳಿನಿಂದ ಕಂಬ ತಬ್ಬಿಕೊಂಡು ಫೋನನ್ನು ಹಲ್ಲಿನಲ್ಲಿ ಹಿಡಿದ, ಬಲಗೈಯಿಂದ ಚಂಚಿ ಮುಟ್ಟಿ ನೋಡಿಕೊಂಡ. ಒಂದು ಸಲ. ಮತ್ತೊಂದು ಸಲ. ಮೂರನೆಯ ಖಾನೆಯೊಳಗೆ ಬೆರಳು ತೂರಿಸಿ ತಳದ ತನಕ ತಡಕಾಡಿದ. ಕೆಳಗಿನಿಂದ ಅವಳಿಗೆ ಆ ಬೆರಳೂ ಕಾಣುತ್ತಿತ್ತು. ಫೋನು ಕಿವಿಗೆ ಮರಳಿತು.

"ಸಾವಕಾಶ ಇಳೀರಿ. ನಾ ಇಲ್ಲೇ ಅದೇನಿ," ಎಂದಳು.

ಭರಮು ನೆಲ ಮುಟ್ಟಿದ. ಕಂಬಕ್ಕೆ ಒರಗಿ ಕೂತುಬಿಟ್ಟ. ಅಂಗಿಯೆಲ್ಲ ತೊಯ್ದು ಮೈಗೆ ಅಂಟಿತ್ತು. ಅಕ್ಕುತಾಯಿ ಬಾಟಲಿ ಹಿಡಿದು ನೀರು ಕುಡಿಸಿದಳು. ಗುಳಿಗೆಯನ್ನು ನಾಲಿಗೆಯ ಮೇಲಿಟ್ಟಳು. ಎರಡನೆಯ ಫ್ಯೂಜು ಕೀಳುತ್ತಿದ್ದಾಗ ಫೋನು ಬಂತು, ಮಾತಾಡುತ್ತ ಮಾತಾಡುತ್ತ ಕಂಬದ ಕಡೆ ನಡೆದುಬಿಟ್ಟೆ ಎಂದು ಭರಮು ಹೇಳಿದ. ಯಾರ ಫೋನು ಎಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಧರೆಪ್ಪನವರು ತಮ್ಮ ಕೈಗೆ ಮರಳಿ ಬಂದ ಫೋನನ್ನು ನೋಡುತ್ತ ನಿಂತರು. ಅವರ ಹನ್ನೆರಡನೆಯ ಕರೆಯ ಹೊತ್ತು ಅದರಲ್ಲಿ ನಮೂದಾಗಿತ್ತು, ಭರಮು ಟಿಸಿಯ ಬಳಿ ಇದ್ದ ಹೊತ್ತೇ ಅದು.

ಆಮೇಲೆ ಅವರು ಮುಂಡಾಸು ತೆಗೆದು ಮುಖ ಒರೆಸಿಕೊಂಡರು. "ಒಂದ ದಿನಕ್ಕ ಬಳ್ಳಿ ಏನ ಸಾಯೂದಿಲ್ಲ ಭರಮು. ನೀ ಮನೀಗಿ ನಡಿ," ಎಂದರು. ಬೆಳಿಗ್ಗೆಯಿಂದ ಹನ್ನೆರಡು ಸಲ ಬಳ್ಳಿಗಳನ್ನು ಸಾಯಿಸಿದ್ದೂ ಅದೇ ಬಾಯಿ. ಇರಲಿ, ತಡವಾಗಿಯಾದರೂ ಬಂದ ಬುದ್ಧಿಯನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಬಾರದು.

ಭರಮು ಎದ್ದು, ಹೆಂಡತಿಯ ಹೆಗಲು ಹಿಡಿದು ಟಿಸಿಯವರೆಗೆ ನಡೆದ. ಮೂರನೆಯ ಫ್ಯೂಜು ಕಿತ್ತು ಖಾನೆಗೆ ಹಾಕಿದ. ಅಲ್ಲೇ ನಿಂತು ಸೆಕ್ಷನ್ ಆಫೀಸಿನ ಸಾಹೇಬರಿಗೆ ಫೋನು ಮಾಡಿ, ನಡೆದದ್ದನ್ನು ಒಂದಕ್ಷರ ಮುಚ್ಚಿಡದೆ ಹೇಳಿ, ತಾನಿನ್ನು ಹದಿನೈದು ದಿನ ಬರುವುದಿಲ್ಲ ಎಂದ. ಸಾಹೇಬರು, ನಾಳೆ ಕಾಗವಾಡದಿಂದ ಹುಡುಗನೊಬ್ಬನನ್ನು ತರಿಸುತ್ತೇನೆ, ನೀನು ಮೊದಲು ದವಾಖಾನೆಗೆ ಹೋಗು ಎಂದರು. ಮಾತು ಮುಗಿಯುವ ಮೊದಲೇ ಮತ್ತೆರಡು ಕರೆ ಬಂದು ಬಾಗಿಲು ಬಡಿಯುತ್ತಿದ್ದವು. ಭರಮು ಫೋನನ್ನು ಅಕ್ಕುತಾಯಿಯ ಕೈಗಿಟ್ಟ. ಅವಳು ಅದರ ಬಾಯಿ ಮುಚ್ಚಿಸಿದಳು.

ಅಥಣಿಗೆ ಹೋಗಿ ತೋರಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಭರಮು ಹೊಸ್ತಿಲ ಮೇಲೆ ಕೂತ, ಬೂಟು ಬಿಚ್ಚಿದ, ಎದ್ದು ಒಳಗೆ ಹೋಗಲಿಲ್ಲ. ಎರಡು ವರ್ಷದ ಮೇಲೆ ಮೊದಲ ಸಲ ಹಾಗೆ ಕೂತಿದ್ದ. ಅಕ್ಕುತಾಯಿ ಚಹಾ ತಂದು ಪಕ್ಕದಲ್ಲಿ ಕೂತಳು.

"ಸಾವಕಾರ್ರ ಫೋನಿಂದ ಯಾಕ ಹಚ್ಚಿದಿ? ನಿನ್ನ ಫೋನ ನಿನ್ನ ಕಡೆನ ಇತ್ತಲ್ಲ," ಎಂದು ಕೇಳಿದ.

"ನಂದ ಎತ್ತತಿದ್ರೇನು?"

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಿಲ್ಲ ಎಂದು ಹೇಳುವ ಹಾಗೆ ಹೇಳಿದಳು. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತೇನೋ. ಭರಮು ಕಪ್ಪು ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕಂಬದ ತುದಿಯಲ್ಲಿ ಬಾರದ ಅಳು ಹೊಸ್ತಿಲಲ್ಲಿ ಬಂತು. ಒಳಗಿನಿಂದ ಕಾಂಚನ ಬಂದು ಅಪ್ಪನ ಬೆನ್ನ ಹಿಂದೆ ನಿಂತು ತಲೆ ಸವರಿದಳು. ಅಕ್ಕುತಾಯಿಗೂ ಅಳು ಬಂತು, ಬೆಳಿಗ್ಗೆಯಿಂದ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು. ಗಂಡನ ಮೇಲೆ ಅವಳಿಗೆ ಎಷ್ಟು ಜೀವ ಅನ್ನುವುದು ಅವಳಿಗೂ ಅವತ್ತೇ ಗೊತ್ತಾಯಿತು.

ಮುಖ ಒರೆಸಿಕೊಂಡ ಮೇಲೆ ಭರಮು ಹೇಳಿದ, "ಆ ಕಂಬದ ತುದ್ಯಾಗ ಕಾಗಿ ಗೂಡೈತಿ. ನಾಕ ತತ್ತಿ. ಮ್ಯಾಲ ಹೋದಕೂಡ್ಲೆ ತತ್ತಿ ಎಣಸೇನಿ ನೋಡು, ಫ್ಯೂಜ ಎಣಸಲಿಲ್ಲ."

ಅಂದು ಸಂಜೆ ಬುದ್ಧನ ಫೋಟೋದ ಪಕ್ಕ ತುಂಬಿದ ಚಂಚಿ ತೂಗಿತು. ಸಾವಕಾರರ ತೋಟದ ಲೈನು ಕತ್ತಲಲ್ಲಿತ್ತು. ಅಕ್ಕುತಾಯಿ ವಾಡಿಕೆಯಂತೆ ಮುಟ್ಟಿ ನೋಡಿದಳು, ಮೂರೂ ಇದ್ದವು, ಹೋಗಿ ಮಲಗಿದಳು. ಬೆಳಿಗ್ಗೆ ಕಾಗವಾಡದಿಂದ ಲಖನ ಎಂಬ ಹೊಸ ಲೈನ್‌ಮನ್ ಬಂದಾಗ ಫ್ಯೂಜುಗಳನ್ನು ಒಂದೊಂದಾಗಿ ಎಣಿಸಿ ಅವನ ಕೈಗಿಟ್ಟಳು. ತತ್ತಿ ಇರುವ ಗೂಡನ್ನು ಕೀಳಬೇಡ ಎಂದೂ ಹೇಳಿ ಕಳಿಸಿದಳು.

ಹದಿನೈದು ದಿನದಲ್ಲಿ ಲೋಕವೇನೂ ಬದಲಾಗಲಿಲ್ಲ. ಮೊದಲ ನಾಲ್ಕು ದಿನ ಭರಮು ಸುಮ್ಮನೆ ಮಲಗಿದ, ನಡುನಡುವೆ ಕೈ ಖಾಲಿ ಕಿಸೆಗೆ ಹೋಗಿ ಬರುತ್ತಿತ್ತು. ಐದನೆಯ ದಿನದಿಂದ ಹಸಿವೆ ಹುಟ್ಟಿತು. ಬಿಪಿ ಇಳಿಯಿತು, ಪೂರ್ತಿ ಅಲ್ಲ. ಖಾಲಿ ಇದ್ದ ಎರಡು ಜಾಗಗಳಲ್ಲಿ ಒಂದು ತುಂಬಿತು, ಲಖನ ಅಲ್ಲೇ ಉಳಿದ. ಇನ್ನೊಂದು ಇವತ್ತಿಗೂ ಖಾಲಿ. ಧರೆಪ್ಪನವರು ಪಂಚಾಯಿತಿ ಕಟ್ಟೆಯಲ್ಲಿ ನಿಂತು, ಲೈನ್‌ಮನ್ನನಿಗೆ ಒಂದು ಕೆಲಸಕ್ಕೆ ಒಂದೇ ಸಲ ಫೋನು ಮಾಡಬೇಕೆಂದು ಎಲ್ಲರಿಗೂ ಬುದ್ಧಿ ಹೇಳಿದರಂತೆ. ತಾವು ಮಾತ್ರ ಎರಡು ಸಲ ಮಾಡುತ್ತಾರೆ.

ಬದಲಾದದ್ದು ಒಂದು. ಈಗ ಭರಮು ಪ್ರತಿ ಕಂಬ ಹತ್ತುವ ಮೊದಲು ಮನೆಗೆ ಫೋನು ಮಾಡುತ್ತಾನೆ. ಮಾಡಿ ಮುಗಿದ ಮೇಲೆ, ಇಳಿಯುವ ತನಕ ಫೋನು ಬಂದ್. ದಿನಕ್ಕೆ ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ. ಜುಲೈನಲ್ಲಿ ಕಾಂಚನ ಹೆಣ್ಣು ಹೆತ್ತಳು. ಅಕ್ಕುತಾಯಿ ಒಂದು ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡಿರಲಿ, ರೊಟ್ಟಿ ಬಡಿಯುತ್ತಿರಲಿ, ಫೋನು ಬಂದರೆ ಹಿಟ್ಟಿನ ಕೈಯಲ್ಲೇ ಎತ್ತುತ್ತಾಳೆ.

"ಮೂರ ಅದಾವು," ಅನ್ನುತ್ತಾನೆ ಅವನು.

"ಮುಟ್ಟಿ ನೋಡ್ರಿ."

"ಒಂದ. ಎರಡ. ಮೂರ."

"ಹಂಗಾರ ಏರ್ರಿ."

ಇಳಿದೆ ಎಂದು ಹೇಳುವ ಎರಡನೆಯ ಫೋನು ಬರುವ ತನಕ ಅವಳು ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕುವುದಿಲ್ಲ.